ಬಯಲುಸೀಮೆಯ ಬೇಸಿಗೆಯೂ ಕುಂಡದ ಗಿಡವೂ

ಗಿಡದ ವಿಷಯವಾಗಿ ಬರೆಯಲು ಬಿ.ಎ. ತರಗತಿಯವನಿಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಓದುವುದು ಚರಿತ್ರೆ, ಅರ್ಥಶಾಸ್ತ್ರ, ಭೂಗೋಳ. ಬೇರು ಎಲೆಗಳ ಗೊಡವೆ ಅವುಗಳಲ್ಲಿಲ್ಲ. ಆದರೆ ಒಂದು ಬೇಸಿಗೆಯಲ್ಲಿ ನನ್ನ ಕೈಯಿಂದಲೇ ಎರಡು ಮಲ್ಲಿಗೆ ಗಿಡಗಳು ಸತ್ತವು. ಅವು ಏಕೆ ಸತ್ತವೆಂಬುದನ್ನು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಹಾಗೆ ತಿಳಿದುದನ್ನಷ್ಟೇ ಇಲ್ಲಿ ಬರೆದಿದ್ದೇನೆ. ಬಲ್ಲವರು ತಪ್ಪಿದ್ದಲ್ಲಿ ತಿದ್ದಬೇಕು.

ನಮ್ಮ ಊರು ಹುಲಿಯೂರುದುರ್ಗ. ಕುಣಿಗಲಿನಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ, ಬೋಗುಣಿಯೊಂದನ್ನು ಬೋರಲು ಹಾಕಿದಂತೆ ಕಾಣುವ ಬೋಳುಬಂಡೆಯ ಬೆಟ್ಟವನ್ನು ನೋಡಿದವರಿಗೆ ಹೆಚ್ಚು ಗುರುತು ಹೇಳಬೇಕಾಗಿಲ್ಲ. ಬೆಟ್ಟವೇನೋ ಚೆಂದ; ಆದರೆ ಬೇಸಿಗೆಯಲ್ಲಿ ಅದರ ಕೆಳಗೆ ಬಾಳುವವರಿಗೆ ಅದರ ಇನ್ನೊಂದು ಗುಣವೂ ಗೊತ್ತು. ಹಗಲೆಲ್ಲ ಕಾದ ಬಂಡೆ ಹೊತ್ತು ಮುಳುಗಿದ ಮೇಲೆ ಆ ಶಾಖವನ್ನು ಹಿಂದಕ್ಕೆ ಕೊಡತೊಡಗುತ್ತದೆ. ಏಪ್ರಿಲ್ ತಿಂಗಳಿನಲ್ಲಿ ರಾತ್ರಿ ಎಂಟು ಗಂಟೆಗೆ ಜಗಲಿಯ ಮೇಲೆ ಕುಳಿತರೂ ಒಲೆಯ ಮುಂದೆ ಕುಳಿತಂತೆಯೇ. ನಮ್ಮದು ಮರುಭೂಮಿಯಲ್ಲ, ವರ್ಷಕ್ಕೆ ೨೫೦ ಮಿಲಿಮೀಟರಿಗಿಂತ ಕಡಮೆ ಮಳೆ ಬೀಳುವ ಸೀಮೆಯನ್ನು ಮರುಭೂಮಿಯೆಂದು ಸಾಮಾನ್ಯವಾಗಿ ಎಣಿಸುವರು. ತುಮಕೂರು ಜಿಲ್ಲೆಯಲ್ಲಿ ಅದರ ಎರಡರಷ್ಟಕ್ಕೂ ಮಿಗಿಲಾಗಿ ಮಳೆಯಾಗುವುದುಂಟು. ಆದರೆ ಆ ಮಳೆಯೆಲ್ಲ ಕೆಲವು ತಿಂಗಳುಗಳಲ್ಲಿ ಸುರಿದು ಮುಗಿಯುತ್ತದೆ. ಶಿವರಾತ್ರಿ ಕಳೆದು ಭರಣಿ ಮಳೆ ಬೀಳುವವರೆಗಿನ ಮಧ್ಯಾಹ್ನಗಳಲ್ಲಿ ಕುಂಡದ ಗಿಡವೊಂದಕ್ಕೆ ಇದು ಮರುಭೂಮಿಯೇ ಸರಿ. ನೆಲದಲ್ಲಿ ನಿಂತ ಮರ ಬೇರನ್ನು ಆಳಕ್ಕೆ ಇಳಿಸಿ ಬದುಕಬಲ್ಲುದು. ಕುಂಡದ ಗಿಡಕ್ಕೆ ಒಂದು ಗೇಣು ಮಣ್ಣೇ ಲೋಕ.

ನಮಗೆ ಹಿತ್ತಿಲಿಲ್ಲ. ಅವ್ವ ಐದು ಕುಂಡಗಳಲ್ಲಿ ದುಂಡುಮಲ್ಲಿಗೆ ಬೆಳೆಸಿಕೊಂಡಿದ್ದಳು. ಮೂರು ಮಣ್ಣಿನ ಕುಂಡ, ಎರಡು ಬಣ್ಣದ ಖಾಲಿ ಡಬ್ಬ. ಮಲ್ಲಿಗೆಗೆ ಬೇಸಿಗೆಯೇ ಹೂವಿನ ಕಾಲ. ಸಂಜೆ ಮೊಗ್ಗು ಬಿಡಿಸಿ, ಕಟ್ಟಿ, ಬೀದಿಯ ಹೆಂಗಸರಿಗೆ ಮೊಳದ ಲೆಕ್ಕದಲ್ಲಿ ಕೊಡುತ್ತಿದ್ದಳು. ನನ್ನ ಪರೀಕ್ಷೆಯ ಶುಲ್ಕವೂ ಬಸ್ಸಿನ ಪಾಸೂ ಆ ಮೊಳಗಳಿಂದ ಬಂದವು ಎಂದರೆ ಅತಿಶಯೋಕ್ತಿಯಲ್ಲ. ನಾನು ಮೊದಲನೆಯ ವರ್ಷದಲ್ಲಿದ್ದಾಗ, ಏಪ್ರಿಲಿನಲ್ಲಿ ಅಜ್ಜಿಗೆ ಕಾಯಿಲೆಯಾಗಿ ಅವ್ವ ಹದಿನೈದು ದಿನ ತವರಿಗೆ ಹೋಗಬೇಕಾಯಿತು. ಗಿಡಗಳು ನನ್ನ ವಶಕ್ಕೆ ಬಂದವು. ವಾಚನಾಲಯದಿಂದ ತೋಟಗಾರಿಕೆಯ ಒಂದು ಇಂಗ್ಲಿಷ್ ಪುಸ್ತಕ ತಂದಿದ್ದೆ. ಪಕ್ಕದಲ್ಲಿ ನಿಘಂಟನ್ನು ಇಟ್ಟುಕೊಂಡು ಓದಿದೆ. ಬಿಸಿಲಿನ ದಿನಗಳಲ್ಲಿ ಗಿಡಗಳನ್ನು ಕಟ್ಟಡದ ಉತ್ತರದ ಮಗ್ಗುಲಿಗೆ ಸರಿಸಬೇಕು, ಬಾಡಿದ ಗಿಡಕ್ಕೆ ನೀರು ಕೊಡಬೇಕು ಎಂದು ಅದರಲ್ಲಿತ್ತು. ಹೊಂಗೆಯ ಮರದ ಅಂಚಿನಲ್ಲಿದ್ದ ಐದನ್ನೂ ಹೊತ್ತು ತಂದು ಉತ್ತರದ ಸಿಮೆಂಟು ಜಗಲಿಯ ಮೇಲೆ ಸಾಲಾಗಿಟ್ಟೆ. ಮಧ್ಯಾಹ್ನ ಎಲೆಗಳು ಜೋತುಬಿದ್ದುವು, ನೀರು ಹೊಯ್ದೆ. ಮರುದಿನ ಇನ್ನಷ್ಟು ಜೋತವು, ಇನ್ನಷ್ಟು ಹೊಯ್ದೆ. ದಿನಕ್ಕೆ ಮೂರು ಸಲ, ದೂರದ ನಲ್ಲಿಯಿಂದ ಬಿಂದಿಗೆ ಹೊತ್ತು, ಬಹಳ ಪುಣ್ಯದ ಕೆಲಸ ಮಾಡುತ್ತಿದ್ದೇನೆಂದು ನಂಬಿ ಹೊಯ್ದೆ. ಅವ್ವ ಬಂದಾಗ ಡಬ್ಬಗಳಲ್ಲಿದ್ದ ಎರಡು ಗಿಡಗಳೂ ಎಲೆ ಉದುರಿ ಕಡ್ಡಿಗಳಾಗಿದ್ದವು. ಅವಳು ಒಂದನ್ನು ಕಿತ್ತು, ಕಪ್ಪಾಗಿದ್ದ ಬೇರನ್ನು ಮೂಸಿ ನೋಡಿ, "ಕುಡ್ಸಿ ಕುಡ್ಸಿ ಸಾಯ್ಸ್‌ಬುಟ್ಟಲ್ಲೋ ಮಗಾ" ಎಂದಳು. ಬೇರೆ ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಪುಸ್ತಕ ನೋಡಿ ಒಂದು ಕೆಲಸ ಮಾಡಿದವನು ನಾನೇ ಮೊದಲಿಗ. ಅದರ ಫಲ ಹೀಗಾಯಿತು.

ಈಗ ವಿಷಯಕ್ಕೆ ಬರೋಣ. ಬೇರು ಹೀರಿದ ನೀರನ್ನೆಲ್ಲ ಗಿಡ ತಾನೇ ಇಟ್ಟುಕೊಳ್ಳುವುದೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ನಿಜವಾಗಿ ನೂರು ಪಾಲು ನೀರು ಹೀರಿದರೆ ಅದರಲ್ಲಿ ೯೭ಕ್ಕೂ ಹೆಚ್ಚು ಪಾಲು ಎಲೆಗಳ ಸೂಕ್ಷ್ಮರಂಧ್ರಗಳಿಂದ ಆವಿಯಾಗಿ ಹೊರಟುಹೋಗುತ್ತದೆ. ಇದನ್ನು ಮೊದಲು ತೂಗಿ ನೋಡಿದವರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಬ್ಬ. ೧೭೨೪ರ ಬೇಸಿಗೆಯಲ್ಲಿ ಅವನು ಕುಂಡದಲ್ಲಿ ಬೆಳೆದ ಸೂರ್ಯಕಾಂತಿಯೊಂದರ ಮಣ್ಣನ್ನು ಸೀಸದ ತಗಡಿನಿಂದ ಮುಚ್ಚಿ, ಬೆಳಗೂ ಬೈಗೂ ತಕ್ಕಡಿಗೆ ಹಾಕಿದನು. ಆ ಒಂದೇ ಗಿಡ ಹಗಲೊಂದಕ್ಕೆ ಸರಾಸರಿ ಅರ್ಧ ಲೀಟರಿಗಿಂತ ಮಿಗಿಲಾಗಿ ನೀರನ್ನು ಗಾಳಿಗೆ ಬಿಡುತ್ತಿತ್ತೆಂದು ೧೭೨೭ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಅದಾದರೋ ಇಂಗ್ಲೆಂಡಿನ ಎಳೆಬಿಸಿಲು! ಗಿಡವು ಹೀಗೆ ನೀರನ್ನು ದುಂದು ಮಾಡುವುದು ಅವಿವೇಕದಿಂದಲ್ಲ. ಅನ್ನ ತಯಾರಿಸಲು ಗಾಳಿಯಿಂದ ಇಂಗಾಲಾಮ್ಲವಾಯುವನ್ನು ಒಳಕ್ಕೆ ತೆಗೆದುಕೊಳ್ಳಬೇಕು. ಅದಕ್ಕಾಗಿ ಬಾಗಿಲು ತೆರೆಯಬೇಕು. ತೆರೆದ ಬಾಗಿಲಿನಿಂದ ನೀರು ಹೋಗಿಯೇ ಹೋಗುತ್ತದೆ. ಹೋಗುವಾಗ ಒಂದು ಉಪಕಾರವನ್ನೂ ಮಾಡುತ್ತದೆ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುವುದರಿಂದ ಎಲೆ ತಂಪಾಗುತ್ತದೆ. ಕುಡಿಯುವ ನೀರಿನ ಮಡಕೆ ತಣ್ಣಗಿರುವ ಗುಟ್ಟೂ ಇದೇ.

ಹಾಗಾದರೆ ಮಧ್ಯಾಹ್ನ ಎಲೆ ಏಕೆ ಜೋಲುತ್ತದೆ? ಒಣಗಾಳಿಯೂ ಬಿಸಿಲೂ ಸೇರಿದಾಗ ಎಲೆಯಿಂದ ಹೋಗುವ ನೀರು ಬೇರಿನಿಂದ ಬರುವ ನೀರಿಗಿಂತ ಹೆಚ್ಚಾಗುತ್ತದೆ. ಮಣ್ಣು ಹಸಿಯಾಗಿದ್ದರೂ ಹೀಗಾಗುವುದುಂಟು. ವರಮಾನಕ್ಕಿಂತ ಖರ್ಚು ಹೆಚ್ಚಾದ ಮನೆಯಂತೆ ಗಿಡ ಸ್ವಲ್ಪ ಹೊತ್ತು ಕುಗ್ಗುತ್ತದೆ, ಬಿಸಿಲು ಇಳಿದ ಮೇಲೆ ಸುಧಾರಿಸಿಕೊಳ್ಳುತ್ತದೆ. ಆದುದರಿಂದ ಬಾಡಿದ ಗಿಡವನ್ನು ಮಧ್ಯಾಹ್ನ ಎರಡು ಗಂಟೆಗೆ ಪರೀಕ್ಷಿಸಬಾರದು. ಸಂಜೆ ಏಳಕ್ಕೆ, ಅದಕ್ಕೂ ಮೇಲಾಗಿ ಬೆಳಗ್ಗೆ ಆರಕ್ಕೆ ನೋಡಬೇಕು. ಬೆಳಗ್ಗೆಯೂ ತಲೆಯೆತ್ತದಿದ್ದರೆ ಮಾತ್ರ ಅದಕ್ಕೆ ನಿಜವಾದ ತೊಂದರೆಯುಂಟು. ಆ ತೊಂದರೆಯೂ ಎರಡು ಬಗೆ: ನೀರಿಲ್ಲದೆ ಬಾಡಿದ್ದು, ನೀರು ಹೆಚ್ಚಾಗಿ ಬಾಡಿದ್ದು. ನೋಡಲು ಎರಡೂ ಒಂದೇ ತೆರ. ನಾನು ಮೋಸ ಹೋದದ್ದು ಇಲ್ಲಿಯೇ.

ಬೇರಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವೆ ಇರುವ ಗಾಳಿಯಿಂದ ಅದು ಆಮ್ಲಜನಕವನ್ನು ಪಡೆಯುತ್ತದೆ. ಆ ಸಂದುಗಳಲ್ಲೆಲ್ಲ ನೀರು ನಿಂತರೆ ಆಮ್ಲಜನಕ ಬೇರಿನವರೆಗೆ ತಲಪುವುದು ದುಸ್ತರ. ನೀರಿನಲ್ಲಿ ಅದು ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ೧೦,೦೦೦ ಪಟ್ಟು ನಿಧಾನ. ಬೇಸಿಗೆಯಲ್ಲಿ ಕಷ್ಟ ಇಮ್ಮಡಿಯಾಗುತ್ತದೆ. ಕಾದ ಮಣ್ಣಿನಲ್ಲಿ ಬೇರು ಹೆಚ್ಚು ಉಸಿರಾಡುತ್ತದೆ, ಕಾದ ನೀರಿನಲ್ಲೋ ಕಡಮೆ ಆಮ್ಲಜನಕ ಕರಗಿರುತ್ತದೆ. ಉಸಿರು ಕಟ್ಟಿದ ಬೇರು ಕೊಳೆಯುತ್ತದೆ; ಕೊಳೆತ ಬೇರು ನೀರು ಹೀರಲಾರದು; ನೀರು ಹೀರದ ಗಿಡ ನೀರಿನ ನಡುವೆಯೇ ಬಾಡುತ್ತದೆ. ಅದನ್ನು ನೋಡಿ ನನ್ನಂಥವನು ಇನ್ನೂ ಒಂದು ಬಿಂದಿಗೆ ಹೊಯ್ಯುತ್ತಾನೆ.

ಐದೂ ಗಿಡಗಳಿಗೆ ಒಂದೇ ಕೈ, ಒಂದೇ ನೀರು. ಆದರೂ ಮಣ್ಣಿನ ಕುಂಡದ ಮೂರು ಉಳಿದವು, ಡಬ್ಬದ ಎರಡು ಹೋದವು. ಬೇಕೆಂದು ಮಾಡಿದ್ದರೆ ಇದನ್ನು ಪ್ರಯೋಗವೆನ್ನಬಹುದಿತ್ತು. ಸುಟ್ಟ ಮಣ್ಣಿನ ಕುಂಡದ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಹೆಚ್ಚಿದ ನೀರು ಮೈಯಿಂದಲೇ ಜಿನುಗಿ ಆರುತ್ತದೆ. ಆರುವಾಗ ಬೇರನ್ನು ತಂಪಾಗಿಡುತ್ತದೆ. ಗಾಳಿಯೂ ಒಳಗೆ ಆಡುತ್ತದೆ. ಪ್ಲಾಸ್ಟಿಕ್ ಡಬ್ಬಕ್ಕೆ ಈ ಗುಣವಿಲ್ಲ. ನಮ್ಮ ಡಬ್ಬಗಳ ತಳದಲ್ಲಿ ಇದ್ದುದು ಒಂದೊಂದೇ ತೂತು. ಅದೂ ಮಣ್ಣು ತುಂಬಿ ಮುಚ್ಚಿಹೋಗಿತ್ತು. ಅವ್ವ ಅವುಗಳಿಗೆ ಯಾವಾಗಲೂ ಕಡಮೆ ನೀರು ಹಾಕುತ್ತಿದ್ದಳಂತೆ. ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಹಾಗೆಂದು ಡಬ್ಬವನ್ನು ಬಿಸಾಡಬೇಕಾಗಿಲ್ಲ. ತಳದಲ್ಲಿ ಐದಾರು ತೂತು ಕೊರೆದು, ಮೇಲೆ ಹಂಚಿನ ಚೂರು ಮುಚ್ಚಿ, ಹೊರಮೈಗೆ ಬಿಳಿಯ ಗೋಣಿಬಟ್ಟೆ ಸುತ್ತಿದರೆ ಅದೂ ನಡೆಯುತ್ತದೆ. ನೀರು ಬೇಗ ಆರದಿರುವುದು ದೂರದಿಂದ ನೀರು ಹೊರುವವರಿಗೆ ಅನುಕೂಲವೇ. ಮಣ್ಣಿನ ಕುಂಡಕ್ಕೆ ಹೊರಗಡೆ ಸುಣ್ಣ ಬಳಿಯುವ ಪದ್ಧತಿ ಚೆಂದಕ್ಕೆಂದು ನಾನು ತಿಳಿದಿದ್ದೆ. ಬಿಳಿಯ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಸುಣ್ಣ ಕುಂಡದ ಉಸಿರನ್ನು ಕಟ್ಟುವುದಿಲ್ಲ, ಎಣ್ಣೆಬಣ್ಣ ಕಟ್ಟುತ್ತದೆ. ಬಹಳ ಕಾವಿರುವ ಕಡೆ ಚಿಕ್ಕ ಕುಂಡವನ್ನು ದೊಡ್ಡ ಕುಂಡದೊಳಗಿಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಮರಳನ್ನು ಒದ್ದೆಯಾಗಿ ಇಡಬಹುದು.

ಇನ್ನು ಉತ್ತರದ ಜಗಲಿಯ ಸಂಗತಿ. ಇದರಲ್ಲಿ ಮಾತ್ರ ನನ್ನ ಭೂಗೋಳದ ಪಾಠ ಉಪಯೋಗಕ್ಕೆ ಬಂತು. ತಡವಾಗಿ ಬಂತು ಎಂಬುದು ಬೇರೆ ಮಾತು. ನಾನು ಓದಿದ ಪುಸ್ತಕ ಶೀತದೇಶದ್ದು. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುವನು. ಉತ್ತರದ ಗೋಡೆ ಅಲ್ಲಿಯ ಜನಕ್ಕೆ ತಂಪಿನ ಗೋಡೆ. ನಮ್ಮ ಊರಿರುವುದು ಭೂಮಧ್ಯರೇಖೆಯಿಂದ ಸುಮಾರು ೧೩ ಡಿಗ್ರಿ ಉತ್ತರದಲ್ಲಿ. ಏಪ್ರಿಲಿನ ಕೊನೆಯ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ; ನೆಟ್ಟ ಕೋಲಿಗೆ ಆ ದಿನ ನಡುಹಗಲಲ್ಲಿ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ತಿಂಗಳ ನಡುಭಾಗ ಕಳೆಯುವವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಅಂದಮೇಲೆ ಮೇ ತಿಂಗಳಿನಲ್ಲಿ ನಮ್ಮ ಉತ್ತರದ ಜಗಲಿಗೆ ಹಗಲೆಲ್ಲ ಬಿಸಿಲು, ದಕ್ಷಿಣದ ಗೋಡೆಗೆ ನೆರಳು! ತುಮಕೂರಿನಲ್ಲೂ ಗುಬ್ಬಿಯಲ್ಲೂ ಹೀಗೆಯೇ. ಸ್ನೇಹಿತರು ತಮ್ಮ ಮನೆಗಳಲ್ಲಿ ನೋಡಿಕೊಳ್ಳಬಹುದು. ಪಶ್ಚಿಮದ ಗೋಡೆಯಂತೂ ಯಾವ ಕಾಲಕ್ಕೂ ಕೆಟ್ಟದ್ದು. ಗಾಳಿ ಅತಿ ಬಿಸಿಯಾಗಿರುವ ಮೂರು ಗಂಟೆಯ ಹೊತ್ತಿಗೆ ಸರಿಯಾಗಿ ಅದರ ಮೇಲೆ ಬಿಸಿಲು ಬೀಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಪೂರ್ವ, ಅದೂ ಮಣ್ಣಿನ ನೆಲ. ಸಿಮೆಂಟಿನ ಮೇಲಿಡಬೇಕಾದರೆ ಕೆಳಗೆ ಎರಡು ಇಟ್ಟಿಗೆ ಕೊಟ್ಟು ಗಾಳಿ ಆಡುವಂತೆ ಮಾಡಬೇಕು. ಅವ್ವ ಕುಂಡಗಳನ್ನು ಹೊಂಗೆಯ ಕೆಳಗೆ ಇಟ್ಟದ್ದಕ್ಕೆ ಯಾವ ಪುಸ್ತಕದ ಆಧಾರವೂ ಇರಲಿಲ್ಲ. ಹೊಂಗೆಯಾದರೋ ಬೇರೆ ಮರಗಳು ಬೋಳಾಗಿರುವ ಬೇಸಿಗೆಯಲ್ಲಿಯೇ ಹೊಸ ಚಿಗುರು ತಳೆದು ದಟ್ಟವಾಗುವ ಮರ. ಮಲ್ಲಿಗೆ ಬಿಸಿಲನ್ನು ಬೇಡುವ ಗಿಡ. ಬೆಳಗಿನ ಬಿಸಿಲು ತಾಕಿ ಮಧ್ಯಾಹ್ನದ್ದು ತಪ್ಪುವಂತೆ ಮರದ ಅಂಚಿನಲ್ಲಿ ಇಟ್ಟಿದ್ದಳು.

ಆದರೆ ಅವ್ವನದೆಲ್ಲ ಸರಿ, ಪುಸ್ತಕದ್ದೆಲ್ಲ ತಪ್ಪು ಎಂದು ಯಾರೂ ಭಾವಿಸಬಾರದು. ದಿನವೂ ಸಂಜೆ ಚೊಂಬಿನಿಂದ ಒಂದಿಷ್ಟು ನೀರು ಚಿಮುಕಿಸುವುದು ಅವಳ ಅಭ್ಯಾಸವಾಗಿತ್ತು. ಹೀಗೆ ಮಾಡಿದರೆ ಮೇಲಿನ ಎರಡು ಬೆರಳು ಮಣ್ಣು ಮಾತ್ರ ನೆನೆಯುತ್ತದೆ. ಬೇರುಗಳೂ ಅಲ್ಲಿಗೇ ಬರುತ್ತವೆ. ಮರುದಿನದ ಬಿಸಿಲಿಗೆ ಮೊದಲು ಕಾಯುವುದು ಅದೇ ಜಾಗ. ಬೆಳಗ್ಗೆ ಬಿಸಿಲೇರುವ ಮುಂಚೆ, ತಳದ ತೂತಿನಿಂದ ನೀರು ಹೊರಬರುವವರೆಗೆ ನಿಧಾನವಾಗಿ ಹಾಕಿ, ಮತ್ತೆ ಬೇಕಾಗುವವರೆಗೆ ಬಿಡುವುದು ಮೇಲು. ಬೇಕೋ ಬೇಡವೋ ಎಂಬುದಕ್ಕೆ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಬೇಕು. ಇಲ್ಲವೆ ಕುಂಡವನ್ನು ಒಂದು ಕಡೆ ಎತ್ತಿ ಭಾರವನ್ನು ಅಳೆಯಬೇಕು. ನಾಲ್ಕು ದಿನ ಎತ್ತಿದರೆ ಕೈಗೇ ಲೆಕ್ಕ ಸಿಗುತ್ತದೆ. ಇದನ್ನು ಅವ್ವನಿಗೆ ಒಪ್ಪಿಸಲು ನನಗೆ ಒಂದು ಬೇಸಿಗೆ ಬೇಕಾಯಿತು. ಎರಡು ಗಿಡ ಕೊಂದವನ ಮಾತಿಗೆ ಬೆಲೆ ಎಲ್ಲಿಯದು?

ಯಾವ ನೀರು ಎಂಬುದೂ ಪ್ರಶ್ನೆಯೇ. ನಲ್ಲಿಯ ಮುಂದೆ ಬಿಂದಿಗೆಗಳ ಸಾಲು ನಿಂತಿರುವಾಗ ಹೂವಿನ ಗಿಡಕ್ಕೆ ನೀರು ಹೊತ್ತರೆ ನಾಲ್ಕು ಜನ ನೋಡುತ್ತಾರೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಗಿಡಕ್ಕೆ ಒಳ್ಳೆಯದು. ಆದರೆ ಎಮ್ಮೆಯಿರುವ ಮನೆಯಲ್ಲಿ ಅದು ಕಲಗಚ್ಚಿಗೆ ಹೋಗುತ್ತದೆ, ಎಮ್ಮೆಯೊಡನೆ ಮಲ್ಲಿಗೆ ಸ್ಪರ್ಧಿಸಲಾರದು. ಪಾತ್ರೆ ತೊಳೆದ ಸೋಪಿನ ನೀರು ಬೇಡ. ಕೊಳವೆಬಾವಿಯ ಗಡಸುನೀರನ್ನೇ ಬಹುಕಾಲ ಹಾಕುತ್ತ ಬಂದರೆ ಮಣ್ಣಿನ ಮೇಲೂ ಕುಂಡದ ಮೈಮೇಲೂ ಬಿಳಿಯ ಲವಣ ಕಟ್ಟುತ್ತದೆ. ಅದನ್ನು ಕೆರೆದು ತೆಗೆದು, ಮೊದಲ ದೊಡ್ಡ ಮಳೆಗೆ ಕುಂಡಗಳನ್ನು ಬಯಲಿಗಿಟ್ಟು ಚೆನ್ನಾಗಿ ತೊಳೆದುಹೋಗಲು ಬಿಡಬೇಕು. ಕಡುಬೇಸಿಗೆಯಲ್ಲಿ ಗೊಬ್ಬರ ಹಾಕುವುದು, ಕುಂಡ ಬದಲಿಸುವುದು ಎರಡೂ ಬೇಡ.

ನಮ್ಮದು ತೆಂಗಿನ ಜಿಲ್ಲೆ. ತಿಪಟೂರಿನ ಕೊಬ್ಬರಿಯನ್ನು ಎಲ್ಲರೂ ಬಲ್ಲರು. ಕಾಯಿ ಸುಲಿದ ಮಟ್ಟೆಯ ಮಹಿಮೆಯನ್ನು ತೋಟದವರು ಮಾತ್ರ ಬಲ್ಲರು. ಮರದ ಸುತ್ತ ಗುಂಡಿ ತೆಗೆದು ಮಟ್ಟೆಗಳನ್ನು ಹೂಳುವ ಪದ್ಧತಿಯುಂಟು. ಮಟ್ಟೆಯ ನಾರು, ಪುಡಿಗಳು ತಮ್ಮ ತೂಕಕ್ಕಿಂತ ಹಲವು ಪಟ್ಟು ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಕೊಡುತ್ತವೆ. ಕುಂಡದಲ್ಲೂ ಇದೇ ಉಪಾಯ ನಡೆಯುವುದು. ಮಟ್ಟೆಯನ್ನು ಸಣ್ಣಗೆ ಕೊಚ್ಚಿ, ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಿ, ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಹರಡಬೇಕು. ಹಸಿ ಮಟ್ಟೆಯಲ್ಲಿ ಲವಣಾಂಶವಿರುವುದರಿಂದ ನೆನೆಸುವುದನ್ನು ಬಿಡಬಾರದು. ಮಟ್ಟೆ ಇಲ್ಲದವರು ರಾಗಿಯ ಹುಲ್ಲು ಹಾಸಬಹುದು. ಒಂದೇ ಎಚ್ಚರಿಕೆ: ಕಾಂಡಕ್ಕೆ ತಾಗಿಸಬಾರದು, ಗೆದ್ದಲು ಬಂದಿದೆಯೇ ಎಂದು ಆಗಾಗ ಎತ್ತಿ ನೋಡಬೇಕು. ಈ ಬೇಸಿಗೆಯಲ್ಲಿ ನಮ್ಮ ಬಿಂದಿಗೆಯ ಲೆಕ್ಕ ಕಡಮೆಯಾದದ್ದು ಬಹುಮಟ್ಟಿಗೆ ಇದರಿಂದಲೇ.

ಊರಿಗೆ ಹೋಗುವವರು ಏನು ಮಾಡಬೇಕು? ದೊಡ್ಡ ಕುಂಡವಾದರೆ ಅದರ ನಡುವೆ ಒಂದು ಪುಟ್ಟ ಹೊಸ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಬೇಕು. ಸುತ್ತಲ ಮಣ್ಣು ಒಣಗಿದಷ್ಟೂ ನೀರನ್ನು ಸೆಳೆದುಕೊಳ್ಳುತ್ತದೆ, ಹಸಿಯಾಗಿದ್ದರೆ ಸೆಳೆಯುವುದಿಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಚೀನಾ ದೇಶದ ಫಾನ್ ಶೆಂಗ್‌ಝಿ ಎಂಬವನು ಬೇಸಾಯದ ಮೇಲೆ ಬರೆದ ಗ್ರಂಥದಲ್ಲಿಯೇ ಈ ಹೂಳುಮಡಕೆಯ ವಿಧಾನ ಬಂದಿದೆ. ಹಳೆಯ ಮಡಕೆ ಬೇಡ. ಬಹಳ ದಿನ ನೀರು ತುಂಬಿಟ್ಟ ಮಡಕೆಯ ತೂತುಗಳು ಮುಚ್ಚಿಹೋಗಿರುತ್ತವೆ. ನೀರು ತಣ್ಣಗಾಗುತ್ತಿಲ್ಲವೆಂದು ಮನೆಯಲ್ಲಿ ಮೂಲೆಗೆ ಸರಿಸಿದ ಮಡಕೆ ಇಲ್ಲಿಯೂ ಕೆಲಸಕ್ಕೆ ಬಾರದು. ಚಿಕ್ಕ ಕುಂಡಗಳಿಗೆ ಹಳೆಯ ಹತ್ತಿಬಟ್ಟೆಯನ್ನು ಬತ್ತಿಯಂತೆ ಹೊಸೆದು, ಒಂದು ತುದಿಯನ್ನು ಎತ್ತರದಲ್ಲಿಟ್ಟ ಬಿಂದಿಗೆಯೊಳಗೂ ಇನ್ನೊಂದನ್ನು ಮಣ್ಣಿನೊಳಗೂ ಹೂತಿಟ್ಟರೆ ನಾಲ್ಕಾರು ದಿನ ನಡೆಯುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಏರಿಸುವ ನಿಯಮವೇ ಇದು. ಈಶ್ವರನ ಗುಡಿಯ ಧಾರಾಪಾತ್ರೆಯನ್ನು ನೋಡಿದವರಿಗೆ ಹನಿ ನೀರಾವರಿಯ ತತ್ವವನ್ನು ವಿವರಿಸಬೇಕಾದುದೇ ಇಲ್ಲ. ಆದರೂ ನಾವು ಅದನ್ನು ಹೊಲಕ್ಕೆ ತರಲಿಲ್ಲ, ೧೯೬೫ರಿಂದೀಚೆಗೆ ಇಸ್ರೇಲಿನವರು ಕೊಳವೆ ಮಾಡಿ ಮಾರಿದ ಮೇಲೆ ಕೊಂಡುತಂದೆವು.

ಎಲ್ಲ ಗಿಡಗಳೂ ಹಗಲಿನಲ್ಲಿ ಬಾಗಿಲು ತೆರೆಯುವವಲ್ಲ. ಲೋಳೆಸರ, ಕಾಡುಬಸಳೆ, ಈಚೆಗೆ ನರ್ಸರಿಗಳಲ್ಲಿ ಬಹಳವಾಗಿ ಮಾರುವ ಸ್ನೇಕ್ ಪ್ಲಾಂಟ್ ಇವು ಹಗಲು ರಂಧ್ರಗಳನ್ನು ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆದು, ವಾಯುವನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು ಮರುದಿನ ಬಳಸುತ್ತವೆ. ಇದರ ಸುಳಿವನ್ನು ಕೊಟ್ಟವನು ನಮ್ಮ ನಾಡಿಗೆ ಸಂಬಂಧಪಟ್ಟವನು. ೧೭೯೯ರಲ್ಲಿ ಟಿಪ್ಪು ಮಡಿದ ಬಳಿಕ ಮೈಸೂರು ಸೀಮೆಯ ಸರ್ವೇಕ್ಷಣೆಗೆಂದು ನೇಮಕವಾದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿಯೂ ಮಧ್ಯಾಹ್ನ ಸಪ್ಪೆಯಾಗಿಯೂ ಇರುವುದನ್ನು ನಾಲಗೆಯಿಂದಲೇ ಕಂಡುಹಿಡಿದನು. ಅವನ ಪತ್ರ ೧೮೧೫ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಾನೂ ಎರಡು ಹೊತ್ತು ರುಚಿ ನೋಡಿ ಉಗುಳಿದೆ. ಹೈನೆ ಸುಳ್ಳು ಹೇಳಿಲ್ಲ. ನುಂಗುವ ಸಾಹಸ ಮಾತ್ರ ಯಾರೂ ಮಾಡಬೇಡಿ. ನೀರಿನ ಕಷ್ಟವಿರುವ ಮನೆಗೆ ಇಂಥ ಗಿಡಗಳೇ ತಕ್ಕವು. ಇವನ್ನು ನೀರಿಲ್ಲದೆ ಕೊಲ್ಲುವುದು ಕಷ್ಟ, ನೀರು ಹಾಕಿ ಕೊಲ್ಲುವುದು ಬಹಳ ಸುಲಭ.

ತಂಗಿ ಬಾಟಲಿಯಲ್ಲಿ ಬೆಳೆಸಿರುವ ಮನಿ ಪ್ಲಾಂಟಿನ ಕಥೆ ಬೇರೆ. ಅದು ಶಾಂತಸಾಗರದ ಮಳೆಯ ದ್ವೀಪದಿಂದ ಬಂದದ್ದು. ಒಣಗಾಳಿ ತಾಗಿದರೆ ಎಲೆಯ ಅಂಚು ಕಂದುತ್ತದೆ. ಅದನ್ನು ಬಚ್ಚಲ ಕಿಟಕಿಯಲ್ಲಿಟ್ಟ ಮೇಲೆ ಸುಖವಾಗಿದೆ. ದುಬೈ ಮೊದಲಾದ ಕಡೆ ಇರುವ ನಮ್ಮವರು ಗಿಡಗಳನ್ನು ಮನೆಯೊಳಗೆ ತಂದು, ತಂಪುಯಂತ್ರದ ಗಾಳಿ ನೇರವಾಗಿ ಬೀಸುವಲ್ಲಿ ಇಡುವರಂತೆ. ಆ ಗಾಳಿ ತಂಪಾದರೂ ಒಣಗಾಳಿಯೇ. ಹಲವು ಕುಂಡಗಳನ್ನು ಒತ್ತಾಗಿಟ್ಟರೆ ಒಂದರ ಉಸಿರಿನ ತೇವ ಇನ್ನೊಂದಕ್ಕೆ ಒದಗುತ್ತದೆ. ತುಳಸಿಗೆ ಬೇಸಿಗೆಯಲ್ಲಿ ಕದಿರು ಬಲಿಯಲು ಬಿಡಬಾರದು. ಬೀಜ ಕಟ್ಟಿದ ಮೇಲೆ ಗಿಡ ಬೇಗ ಮುದಿಯಾಗುತ್ತದೆ.

ಬಿಸಿಲಿನಲ್ಲಿ ಎಲೆಯ ಮೇಲೆ ಬಿದ್ದ ನೀರಿನ ಹನಿ ಭೂತಗನ್ನಡಿಯಾಗಿ ಎಲೆಯನ್ನು ಸುಡುವುದೆಂಬ ಮಾತು ನಮ್ಮಲ್ಲೂ ಇದೆ, ಪುಸ್ತಕಗಳಲ್ಲೂ ಇದೆ. ೨೦೧೦ರಲ್ಲಿ ಹಂಗೇರಿಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ನುಣುಪು ಎಲೆಗೆ ಅಂಟಿ ಕುಳಿತ ಹನಿ ಸುಡಲಾರದು. ಎಲೆಯ ರೋಮಗಳು ಹನಿಯನ್ನು ಎತ್ತಿ ಹಿಡಿದರೆ ಮಾತ್ರ ಸುಡಬಲ್ಲುದು ಎಂದು ತೋರಿತು. ಮಲ್ಲಿಗೆಯ ವಿಷಯದಲ್ಲಿ ಆ ಹೆದರಿಕೆ ಬೇಡ. ಆದರೂ ಮಧ್ಯಾಹ್ನ ಹಾಕಿದ ನೀರಿನ ಬಹುಪಾಲು ಆವಿಯ ಪಾಲಾಗುವುದರಿಂದ ಬೆಳಗಿನ ಹೊತ್ತೇ ಮೇಲೆಂಬ ಮಾತು ನಿಲ್ಲುತ್ತದೆ.

ಉಳಿದ ಮೂರು ಕುಂಡಗಳು ಮತ್ತೆ ಹೊಂಗೆಯ ಅಂಚಿಗೆ ಹೋಗಿವೆ. ಎರಡು ಡಬ್ಬಗಳಿಗೂ ತೂತು ಕೊರೆದು, ಕಳೆದ ಮಳೆಗಾಲದಲ್ಲಿ ಹಳೆಯ ಗಿಡದಿಂದ ನಾಲ್ಕು ಕಡ್ಡಿ ತೆಗೆದು ನೆಟ್ಟೆವು. ಮೂರು ಒಣಗಿದವು, ಒಂದು ಹತ್ತಿತು. ಅದಕ್ಕೆ ಬೆಳಗ್ಗೆ ನೀರು ಹಾಕುವುದು ನಾನು. ಹಾಕುವ ಮುಂಚೆ ಅವ್ವ ಒಂದು ಸಲ ಡಬ್ಬವನ್ನು ಎತ್ತಿ ನೋಡುತ್ತಾಳೆ. ಅದಿನ್ನೂ ಹೂ ಬಿಟ್ಟಿಲ್ಲ.